ಬೀಗತಿಯ ನೀರಡಿಕೆ

ಕಣಿವೆ ದಾಟುವಾಗ ಗಂಡಿನ ಕಡೆಯವರ ನೀರಡಿಕೆಯನ್ನು ಹೆಣ್ಣಿನ ಕಡೆಯವರೇ ಹೊರಬೇಕೆಂಬುದು ಆ ಸೀಮೆಯ ಪದ್ಧತಿ. ಬಸುರಿ ಮಗಳ ಕುಬಸದ ಶಾಸ್ತ್ರಕ್ಕೆ ಹೊರಟ ನಿಂಬೆವ್ವ ಕಣಿವೆಯ ಬಾಯಲ್ಲೇ ಜೊತೆಗಿದ್ದ ಬೀಗತಿ ಚನ್ನವ್ವನ ಅಂಗೈಗೆ ಅಂಗೈ ಒತ್ತಿ ಅವಳ ನೀರಡಿಕೆಯನ್ನು ತನ್ನ ಗಂಟಲಿಗೆ ಇಳಿಸಿಕೊಂಡಿದ್ದಳು. ಹೊತ್ತವಳು ಹೇಳಿದಾಗಲೆಲ್ಲ ಇನ್ನೊಬ್ಬಳು ಕುಡಿಯಬೇಕು; ತನ್ನ ಬಾಯಿ ಒಣಗಿದ್ದು ಅವಳಿಗೆ ತಿಳಿಯುವುದಿಲ್ಲವಲ್ಲ.

ಬಂಡೆಗಳು ಕಾದ ಹಂಚಿನಂತಿದ್ದವು. ಎಷ್ಟು ಕುಡಿದರೂ ನಿಂಬೆವ್ವನಿಗೆ ತನ್ನ ನೀರಡಿಕೆಯಷ್ಟೇ ತಣಿಯುತ್ತಿತ್ತು. ಬೀಗತಿಯದು ಗಂಟಲಲ್ಲಿ ಮುಳ್ಳಾಗಿ ನಿಂತಿತ್ತು.

"ಅಕ್ಕಾರ, ಒಂದ್ ಗುಟುಕು ಕುಡೀರಿ."

"ನನಗ ನೀರಡಿಕಿ ಇಲ್ಲ."

"ನಿಮ್ಮ ನೀರಡಿಕಿ ನನ್ನ ಹಂತೇಕ ಐತ್ರಿ. ಜೀವಕ್ಕ ತ್ರಾಸ ಆಕ್ಕೈತಿ, ಕುಡೀರಿ."

"ಹೆಣ್ಣಿನ ಕಡಿಯಾಕಿ ಹೇಳಿದಂಗ ಕುಣಿಯಾಕ ಬಂದಿಲ್ಲ ನಾನು," ಎಂದ ಚನ್ನವ್ವ ತನ್ನ ಬಾಟಲಿಯ ನೀರನ್ನೆಲ್ಲ ಪಾದದ ಧೂಳಿಗೆ ಸುರಿದುಕೊಂಡಳು. "ನಿಮ್ಮ ಮಗಳಿಗೆ ಈ ಸೊಕ್ಕು ಎಲ್ಲಿಂದ ಬಂತು ಅಂತ ಈಗ ಗೊತ್ತಾತು."

ನಿಂಬೆವ್ವನ ಮೈಯೆಲ್ಲ ಉರಿಯಿತು. ಕೊನೆಯ ಬಾಟಲಿ ಕೊಡಲೆಂದು ಚೀಲಕ್ಕೆ ಹಾಕಿದ್ದ ಕೈಯನ್ನು ಹಿಂದೆಗೆದುಕೊಂಡಳು. ಒಣಗಲಿ, ತಾನಾಗಿ ಕೈಯೊಡ್ಡಲಿ ಎಂದುಕೊಂಡು ತಿರುಗಿ ನೋಡದೆ ಮುಂದೆ ನಡೆದಳು. ಹಿಂದಿನಿಂದ ಬೈಗುಳ ಬರುತ್ತಲೇ ಇತ್ತು, ಮೊದಲು ಬಿರುಸಾಗಿ, ಆಮೇಲೆ ತೊದಲುತ್ತ. ಒಂದು ತಿರುವಿನಲ್ಲಿ ಅದೂ ನಿಂತಿತು.

ಅದೇ ಹೊತ್ತಿಗೆ ಗಂಟಲಿನ ಮುಳ್ಳು ಥಟ್ಟನೆ ಕರಗಿ ಬಾಯೆಲ್ಲ ತಂಪಾಯಿತು.

"ಕಡೀಕೂ ಕುಡದ್ಳು," ಎಂದು ಗೆದ್ದ ನಗೆ ನಗುತ್ತ ನಿಂಬೆವ್ವ ಚೀಲಕ್ಕೆ ಕೈ ಹಾಕಿದಳು. ಇಬ್ಬರ ನಡುವೆ ಉಳಿದಿದ್ದ ಒಂದೇ ಬಾಟಲಿ, ಕಂಠದವರೆಗೆ ತುಂಬಿದ್ದು, ಕೈಗೆ ಸಿಕ್ಕಿತು.