ಒಂದೇ ಸಲ ಕೇಳಬೇಕಾದ ಪ್ರಶ್ನೆ

"ಇನ್ನೊಂದ್ಸಲ ಯೋಚ್ನೆ ಮಾಡಿ ನೋಡಮ್ಮ."

ಮಾತು ಸಮೀಕ್ಷೆಗೆ ಬಂದವಳ ಬಾಯಿಂದ ಜಾರಿಬಿಟ್ಟಿತ್ತು. ಸ್ಟೂಲಿನ ಮೇಲೆ ರೆಕಾರ್ಡರಿನ ಕೆಂಪು ದೀಪ ಉರಿಯುತ್ತಲೇ ಇತ್ತು.

ಸಮೀಕ್ಷೆಯ ನಿಯಮ ಚಿಕ್ಕದು: ಪ್ರತಿ ಪ್ರಶ್ನೆ ಒಂದೇ ಸಲ, ಒಂದೇ ದನಿಯಲ್ಲಿ. ಶ್ವಾಸಕೋಶದ ಕ್ಯಾನ್ಸರ್ ಬಂದವರನ್ನೂ ಗಟ್ಟಿಮುಟ್ಟಾಗಿರುವವರನ್ನೂ ಕೇಳಬೇಕು. ಯಾರು ಯಾವ ಗುಂಪು ಎಂದು ಕೇಳುವವಳಿಗೆ ಹೇಳುವುದಿಲ್ಲ. ಯಾವ ಗುಂಪಿನವರು ಚಾವಣಿ ಶೀಟಿನ ಕಾರ್ಖಾನೆಯ ಆಸ್‌ಬೆಸ್ಟಾಸ್ ಪುಡಿ ಹೆಚ್ಚು ಕುಡಿದಿದ್ದರು ಎಂಬುದೇ ಅಧ್ಯಯನ. ರೋಗಿಯೆಂದು ಊಹಿಸಿ ಕೆದಕಿದರೆ ಎಲ್ಲ ಕೆಟ್ಟಂತೆ. ಕಾರ್ಖಾನೆಯ ವಕೀಲರಿಗೆ ಹಬ್ಬ.

ಅವಳ ತಾಯಿ ಆ ಕಾರ್ಖಾನೆಯಲ್ಲೇ ಇಪ್ಪತ್ತು ವರ್ಷ ದುಡಿದು, ಕೆಮ್ಮಿ ಕೆಮ್ಮಿ ಹೋಗಿದ್ದಳು. ಅದಕ್ಕೆ ಬೀಗ ಬೀಳುವುದನ್ನು ನೋಡಬೇಕೆಂದೇ ಇವಳು ಈ ಕೆಲಸ ಹಿಡಿದದ್ದು. ಅರ್ಜಿಯಲ್ಲಿ ಆ ಸಂಗತಿ ಬರೆದಿರಲಿಲ್ಲ. ಬಸ್ ನಿಲ್ದಾಣದ ಪ್ರಕಟಣೆಯನ್ನು ಅಣಕಿಸಿ ಅಣಕಿಸಿ ದನಿಯನ್ನು ಎಷ್ಟು ಸಪಾಟು ಮಾಡಿಕೊಂಡಿದ್ದಳೆಂದರೆ, ತರಬೇತಿಯಲ್ಲಿ ಜೊತೆಯವರು 'ಟೇಪಕ್ಕ' ಎಂದೇ ಕರೆಯುತ್ತಿದ್ದರು.

ಆದರೆ ಇದು ಮೊದಲ ವಾರದ ನಲವತ್ತನೆಯ ಮನೆ. ಕಾಲು ಸೋತಿತ್ತು, ಟೇಪೂ ಸೋತಿತ್ತು. ಎದುರಿಗಿದ್ದ ಹೆಂಗಸು ತಲೆಗೆ ಬಿಗಿಯಾಗಿ ಬಟ್ಟೆ ಸುತ್ತಿದ್ದಳು. ಒಂದು ಎಳೆ ಕೂದಲೂ ಕಾಣುತ್ತಿರಲಿಲ್ಲ. ಮಾತಿಗೊಮ್ಮೆ ಕೆಮ್ಮು. ಸಾಮಾನೆಲ್ಲ ನಡುಮನೆಯಲ್ಲಿ ರಾಶಿಬಿದ್ದಿತ್ತು. ಗೋಡೆಗೊಂದು ಏಣಿ ಒರಗಿತ್ತು, ಅದರ ಬುಡದಲ್ಲಿ ಸುಣ್ಣದ ಬಕೆಟ್ಟು.

"ಕಾರ್ಖಾನೇಲಿ ಪುಡಿ ಹಾರ್ತಿತ್ತೋ ಇಲ್ವೋ, ನಂಗೆ ನೆನಪಿಲ್ಲಕ್ಕಾ."

"ಸಂಜೆ ಮನೆಗೆ ಬಂದಾಗ ಬಟ್ಟೆ ಮೇಲೆ, ರೆಪ್ಪೆ ಮೇಲೆ, ಬೂದಿ ಥರ?"

"ಹ್ಞಾ... ನೀವು ಹೇಳಿದ್ಮೇಲೆ ಹೌದು ಅನ್ಸುತ್ತೆ. ಹಾರ್ತಿತ್ತು."

ಟೇಪಕ್ಕ 'ಹೌದು' ಎಂಬುದಕ್ಕೆ ಗುರುತು ಹಾಕಿದಳು. ಏಳುವಾಗ, "ಜೋಪಾನ ಕಣಮ್ಮ," ಎಂದಳು.

"ಇನ್ನೆರಡು ದಿನ ಅಷ್ಟೇ ಅಕ್ಕಾ. ಆಮೇಲೆ ಎಲ್ಲಾ ಮುಗಿಯುತ್ತೆ."

ತಿರುಗಿ ನೋಡುವ ಧೈರ್ಯವಾಗಲಿಲ್ಲ.

ಮರುದಿನ ಬೆಳಿಗ್ಗೆ ಮೇಲ್ವಿಚಾರಕರು ಅದೇ ಧ್ವನಿಮುದ್ರಣ ಹಾಕಿ ಕೇಳಿಸಿದರು.

"ಎರಡನೇ ಸಲ ಯಾಕೆ ಕೇಳಿದ್ರಿ?"

"ಸುಳ್ಳು ಬರ್ಕೊಂಡಿಲ್ಲ ಸಾರ್. ಮರೆತಿದ್ದನ್ನ ನೆನಪಿಸಿದೆ."

"ಹನ್ನೆರಡು ಮನೇಲಿ ನೆನಪಿಸಿದೀರಿ."

"ಹನ್ನೆರಡು ಜನಾನೂ ರೋಗಿಗಳೇ. ಮುಖ ನೋಡಿದ್ರೇ ಗೊತ್ತಾಗುತ್ತೆ. ಬೇಕಾದ್ರೆ ಕೆಲಸದಿಂದ ತೆಗೀರಿ, ಆ ಉತ್ತರ ಮಾತ್ರ ತೆಗೀಬೇಡಿ." ಅವಳ ಸಪಾಟು ದನಿ ಮುರಿಯಿತು. "ನಮ್ಮಮ್ಮನ್ನ ನೋಡ್ಕೊಂಡ ಕಣ್ಣು ಸಾರ್ ಇದು. ತಪ್ಪಲ್ಲ."

ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಇನ್ನು ಆಡಬೇಕಾದ ಮಾತನ್ನು ಎಷ್ಟು ಜನರಿಗೆ ಹೇಳಿ ದಣಿದಿದ್ದರೋ. ಮುಚ್ಚಿದ ಲಕೋಟೆ ಹರಿದು ಪಟ್ಟಿಯನ್ನು ಅವಳ ಮುಂದೆ ಸರಿಸಿದರು.

"ಹೊಸಬರಿಗೆಲ್ಲ ಮೊದಲ ವಾರ ಪರೀಕ್ಷೆಗೆ ಅಂತ ಇಂಥದ್ದೇ ಪಟ್ಟಿ ಕೊಡೋದಮ್ಮ. ಈ ನಲವತ್ತರಲ್ಲಿ ಒಬ್ಬರಿಗೂ ಕಾಯಿಲೆ ಇಲ್ಲ."