ದುರ್ಬೀನಿನ ತಿರುಪು

"ಆ ತಿರುಪು ಮುಟ್ಟಬ್ಯಾಡಿ ಸಾಬ್ರೆ, ನಮ್ಮೋರು ಇಟ್ಟಂಗೇ ಐತೆ" ಎಂದು ಶಿವರುದ್ರಮ್ಮ ಕೈ ಅಡ್ಡ ಹಿಡಿದಳು. ಗುಲಾಮ್ ಮೊಹಿದ್ದೀನ್ ದುರ್ಬೀನಿನ ತಿರುಪಿನಿಂದ ಬೆರಳು ತೆಗೆದ. ಮೂರು ತಿಂಗಳ ಹಿಂದೆ ತೀರಿಕೊಂಡ ಅವಳ ಗಂಡ, ಮೈಸೂರು ಸರ್ಕಾರದ ಅರಣ್ಯದ ಗಾರ್ಡು ಕಾಡಸಿದ್ದಪ್ಪನ ಜಾಗಕ್ಕೆ ಬಂದವನು ಅವನು. ಬೆಟ್ಟದ ಕಾಡು ಕಾಯಲು ಈ ಹಳೆಯದನ್ನು ಕೊಳ್ಳುವುದೋ, ಬೆಂಗಳೂರಿನ ಅಂಗಡಿಯಿಂದ ನೋಡಲೆಂದು ತಂದಿದ್ದ ಹೊಸದನ್ನೋ ಎಂದು ಎರಡನ್ನೂ ಹಿಡಿದು ಅವಳ ಮನೆಯ ಮಾಳಿಗೆ ಹತ್ತಿದ್ದ.

"ಹೊಸದ್ರಲ್ಲಿ ಕೋಟೆ ಕಲ್ಲು ಎಣಿಸ್ಬೋದು. ಇದ್ರಲ್ಲಿ ಮಧುಗಿರಿ ಬೆಟ್ಟವೇ ಮಸುಕು ಕಣಮ್ಮ" ಎಂದವನು ದುರ್ಬೀನನ್ನು ನಿಧಾನವಾಗಿ ಇಳಿಸುತ್ತ ಬೀದಿ ತುದಿಯತ್ತ ಹಿಡಿದ. "ಆ ಸೇದೋ ಬಾವಿ ಮಾತ್ರ ಹಗ್ಗದ ಎಳೆ ಸಮೇತ ಕಾಣ್ತದೆ. ನಿಮ್ಮೋರು ಅಷ್ಟು ದೂರಕ್ಕೇ ತಿರುಪು ಕೂರ್ಸವ್ರೆ."

ಶಿವರುದ್ರಮ್ಮ ಬಾವಿಯ ಕಡೆ ನೋಡಿದಳು. ಕಾಡಿಗೆ ಬೆಂಕಿ ಬಿದ್ದಿದೆಯೇನೋ ನೋಡಬೇಕು ಎಂದು ಕಾಡಸಿದ್ದಪ್ಪ ದಿನಾ ಸಂಜೆ ಮಾಳಿಗೆ ಹತ್ತುತ್ತಿದ್ದ. ಅವಳು ಬಿಂದಿಗೆ ಹಿಡಿದು ಆ ಬಾವಿಗೆ ಹೋಗುತ್ತಿದ್ದುದೂ ಅದೇ ಹೊತ್ತಿಗೆ. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವನು ಎದುರು ಕೂತು ಅವಳ ಮುಖ ನೋಡಿ ಮಾತಾಡಿದ್ದು ಅವಳಿಗೆ ನೆನಪಿರಲಿಲ್ಲ.

ಎರಡೂ ಕೈ ಚಾಚಿ ದುರ್ಬೀನನ್ನು ಇಸಕೊಂಡಳು. ತಿರುಪಿಗೆ ಬೆರಳು ತಾಕದಂತೆ ಸೆರಗಿನಲ್ಲಿ ಸುತ್ತಿದಳು.

"ಕಾಡು ಕಾಯಕ್ಕೆ ಹೊಸದೇ ತಗಳಿ ಸಾಬ್ರೆ" ಎಂದಳು. "ಇದು ಬೆಟ್ಟ ನೋಡಿದ್ದಲ್ಲ."