ಸೂರ್ಯನಿಗೆ ಬ್ರೇಕ್ ಹಾಕಿದ ಪ್ರಕಾಶ

ಕನ್ನಡ ಕುಲದಲ್ಲಿ ಇಂಥ ಗಂಡು ಇದುವರೆಗೆ ಹುಟ್ಟಿಲ್ಲ, ಇನ್ನು ಹುಟ್ಟುವುದೂ ಡೌಟು! ಡೆಟ್ರಾಯಿಟ್‌ನಿಂದ ನಾಲ್ಕು ಸಾವಿರ ಮೈಲಿ ಉತ್ತರಕ್ಕೆ, ರಸ್ತೆಯೇ ಮುಗಿದುಹೋಗುವ ಕಾಡಿಗೆ ಜೀಪು ನುಗ್ಗಿಸಿ, ಮುಳುಗಲು ಹೊರಟ ಸೂರ್ಯನನ್ನು ಕಾಲರ್ ಹಿಡಿದು ನಿಲ್ಲಿಸಿ, ಹಸಿದ ಗೆಳೆಯನಿಗೆ ಹೊಟ್ಟೆ ತುಂಬ ಊಟ ಹಾಕಿಸಿದ ಭೂಪ ನಮ್ಮ ಪ್ರಕಾಶ. ನಗಬೇಡಿ. ಮೊದಲು ಕತೆ ಕೇಳಿ, ಆಮೇಲೆ ಶಿಳ್ಳೆ ಹೊಡೆಯುವಿರಂತೆ.

ಹಸಿದ ಗೆಳೆಯ ಧರಣೇಂದ್ರ. ಮೂಡುಬಿದಿರೆಯ ಜೈನರ ಹುಡುಗ, ಕಾರು ಕಂಪನಿಯೊಂದರಲ್ಲಿ ಡ್ರಾಫ್ಟ್ಸ್‌ಮನ್. ಹೊತ್ತು ಮುಳುಗಿದ ಮೇಲೆ ಒಂದು ಅಗುಳೂ ಬಾಯಿಗೆ ಹಾಕುವವನಲ್ಲ. ಊರಲ್ಲಿ ಇದೇನು ಕಷ್ಟವಾಗಿರಲಿಲ್ಲ. ಆದರೆ ಚಳಿಗಾಲದ ಡೆಟ್ರಾಯಿಟ್‌ನಲ್ಲಿ ಆಫೀಸು ಬಿಟ್ಟು ಮನೆ ಸೇರುವಷ್ಟರಲ್ಲಿ ಕತ್ತಲೆ. ಅವನಿಗೂ ಪ್ರಕಾಶನಿಗೂ ಮಹಡಿಯ ರೂಮು ಕೊಟ್ಟು, ಊಟವನ್ನೂ ಹಾಕುತ್ತಿದ್ದವರು ಮೈಸೂರಿನ ಅಂಬುಜಾ. ಈರುಳ್ಳಿ, ಆಲೂಗಡ್ಡೆ ಸೋಕದ ಹುಳಿಯನ್ನು ಅವನಿಗೆಂದೇ ಬೇರೆ ಮಾಡಿಟ್ಟು ಕಾಯುತ್ತಿದ್ದರು. ಅವನೋ ಅದರ ಘಮದ ಪಕ್ಕದಲ್ಲೇ ಹಾದು, "ಹೊತ್ತು ಕಂತಿತಲ್ಲ ಅಕ್ಕ," ಎಂದು ಮೆಟ್ಟಿಲು ಹತ್ತಿಬಿಡುತ್ತಿದ್ದ. ಬೆಲ್ಟಿಗೆ ಹೊಸ ತೂತು ಬಿದ್ದಿತ್ತು.

ನೋಡಲಾರದೆ ಪ್ರಕಾಶ ಒಂದು ದಿನ ಊಟದ ಮೇಜಿನ ಮೇಲೆ ಕೆನಡಾದ ನಕಾಶೆ ಹರಡಿ ಎದೆ ತಟ್ಟಿದ. ಅವನಿಗೆ ಎಲ್ಲರಂತೆ ಮಾತಾಡಲು ಬರುತ್ತಿರಲಿಲ್ಲ. ಬಾಯಿ ತೆರೆದರೆ ಡೈಲಾಗೇ.

"ಧರಣಿ! ಮುಳುಗೋದು ಆ ಸೂರ್ಯನ ಹಣೆಬರಹ ಆದ್ರೆ, ಅದನ್ನ ಅಳಿಸೋದು ಈ ಪ್ರಕಾಶನ ಶಪಥ! ನೋಡು, ಈ ತುದೀಲಿ ಜೂನ್ ತಿಂಗಳು ಪೂರ್ತಿ ರಾತ್ರಿ ಹನ್ನೆರಡಕ್ಕೂ ಬಿಸಿಲು. ನಮ್ ಜೊತೆ ಕೂತು ನೀನೂ ರಾತ್ರಿ ಊಟ ಮಾಡ್ತೀಯ!"

"ರಸ್ತೆ ಇಲ್ಲಿಗೇ ಮುಗೀತದಲ್ಲ ಮಾರಾಯ?"

"ರಸ್ತೆ ಮುಗಿಯೋ ಜಾಗದಲ್ಲೇ ಕಣೋ ಹೀರೋ ಎಂಟ್ರಿ."

ಅಂದಿನಿಂದ ಆ ಮನೆಯಲ್ಲಿ ಬೇರೆ ಮಾತಿಲ್ಲ. ಕೆಸರಲ್ಲಿ ಹೂತ ಚಕ್ರದ ಕೆಳಗೆ ತುರುಕಲು ಹಲಗೆ, ಮರಕ್ಕೆ ಕಟ್ಟಿ ಜೀಪು ಎಳೆಯಲು ಉಕ್ಕಿನ ಹಗ್ಗ, ಪೆಟ್ರೋಲ್ ಡಬ್ಬ, ಸೊಳ್ಳೆಪರದೆ. ಪ್ರಕಾಶನ ಫ್ಯಾಕ್ಟರಿಯ ಫೋರ್‌ಮನ್ ತನ್ನ ಹಳೇ ಮಿಲಿಟರಿ ಜೀಪು ಕೊಡುವುದಾಗಿ ಒಪ್ಪಿದ್ದ. "ನನ್ನ ಕುಕ್ಕರ್‌ಗೆ ಜಾಗ ಇಡಿ, ಆಮೇಲೆ ನಿಮ್ಮ ಹಲಗೆ," ಎಂದು ಅಂಬುಜಾ ಜಗಳ ತೆಗೆದರು. ಧರಣೇಂದ್ರನೂ ಈಗ ಬಂದ ಕೂಡಲೇ ಮೆಟ್ಟಿಲು ಹತ್ತುತ್ತಿರಲಿಲ್ಲ. ಇಬ್ಬರೂ ಉಣ್ಣುತ್ತಿದ್ದರೆ ಅವನು ಎದುರಿಗೆ ಕೂತು, ಜೀಪು ಹೊಳೆ ದಾಟಬಹುದಾದ ಕಡೆಯಲ್ಲೆಲ್ಲ ಪೆನ್ಸಿಲ್ ಗುರುತು ಹಾಕುತ್ತಿದ್ದ.

ಅಷ್ಟರಲ್ಲಿ ಅರಬ್ ದೇಶಗಳು ಎಣ್ಣೆ ನಿಲ್ಲಿಸಿದವು. ಪೆಟ್ರೋಲಿಗಾಗಿ ಗ್ಯಾಸ್ ಸ್ಟೇಷನ್‌ಗಳ ಮುಂದೆ ಕಾರುಗಳ ಮೆರವಣಿಗೆ. ೧೯೭೪ರ ಜನವರಿಯ ಮೊದಲ ಸೋಮವಾರ ಫೋರ್‌ಮನ್, "ಆ ಜೀಪಿಗೆ ಪೆಟ್ರೋಲ್ ಕುಡಿಸೋಕೆ ನನ್ನಿಂದಾಗಲ್ಲ, ಮಾರಿಬಿಟ್ಟೆ," ಎಂದ. ಆ ದಿನ ಬೆಳಗಾದದ್ದೂ ಕೆಟ್ಟದಾಗಿಯೇ. ಎಣ್ಣೆ ಉಳಿಸಲೆಂದು ಸರ್ಕಾರ ಇಡೀ ದೇಶದ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿತ್ತು. ಮಕ್ಕಳು ಟಾರ್ಚ್ ಹಿಡಿದು ಸ್ಕೂಲಿಗೆ ಹೋದವು. ಸೂರ್ಯ ಹುಟ್ಟಿಲ್ಲವೆಂದು ಧರಣೇಂದ್ರ ತಿಂಡಿಯನ್ನೂ ಬಿಟ್ಟು ಆಫೀಸಿಗೆ ಹೋಗಿದ್ದ. ಅಂಥವನಿಗೆ ಈ ಸುದ್ದಿ ಹೇಳುವುದು ಹೇಗೆ?

ಸಂಜೆ ಬಾಗಿಲು ತೆರೆಯಿತು. ಪ್ರಕಾಶ ಎದ್ದು ನಿಂತ. ಜೀವನದಲ್ಲಿ ಮೊದಲ ಸಲ ಡೈಲಾಗು ಬರಲಿಲ್ಲ.

"ಜೀಪು ಇಲ್ಲ ಕಣೋ. ಮಾರಿಬಿಟ್ಟ. ನಾವು ಹೋಗಕ್ಕಾಗಲ್ಲ."

ಧರಣೇಂದ್ರ ಮೇಜಿನ ಮೇಲಿದ್ದ ನಕಾಶೆಯನ್ನೊಮ್ಮೆ ನೋಡಿದ. "ಆಯ್ತು ಮಾರಾಯ. ಅದಕ್ಕೆ ನೀನು ಯಾಕೆ ಮುಖ ಸಣ್ಣ ಮಾಡುದು?" ಎಂದು ಅವನ ಬೆನ್ನು ತಟ್ಟಿ, ಮೆಟ್ಟಿಲ ಕಡೆ ತಿರುಗಿದ.

"ಎಲ್ಲಿಗೆ?" ಅಂಬುಜಾ ಸೌಟು ಹಿಡಿದು ಅಡ್ಡ ನಿಂತರು.

"ಮಲಗ್ಲಿಕ್ಕೆ ಅಕ್ಕ. ಹೊತ್ತು ಕಂತಿ..." ಮಾತು ಅಲ್ಲೇ ನಿಂತಿತು. ಮೆಟ್ಟಿಲ ಪಕ್ಕದ ಗೋಡೆಯ ಮೇಲೆ ಅವನ ನೆರಳು ಬಿದ್ದಿತ್ತು. ಮನೆಯಲ್ಲಿ ಇನ್ನೂ ಯಾರೂ ದೀಪ ಹಾಕಿರಲಿಲ್ಲ.

"ಹೊಸ ಗಡಿಯಾರದಲ್ಲಿ ಐದೂ ಮುಕ್ಕಾಲು, ಸೂರ್ಯನಿಗೆ ಇನ್ನೂ ನಾಲ್ಕೂ ಮುಕ್ಕಾಲೇ," ಎಂದರು ಅಂಬುಜಾ. "ಬೆಳಗ್ಗೆ ಎಲ್ಲರೂ ಕತ್ತಲೆ ಕತ್ತಲೆ ಅಂತ ಬೈತಿದ್ರಲ್ಲ, ಸಂಜೆ ಏನಾಗುತ್ತೆ ಅಂತ ಯಾರಾದ್ರೂ ಯೋಚಿಸಿದ್ರಾ? ಸೂರ್ಯ ಇನ್ನೂ ಎದುರು ಮನೆ ಚಿಮಣಿ ಮೇಲಿದಾನೆ. ಬೇಗ ಕೈ ತೊಳ್ಕೊಳ್ಳಿ!"

ಪ್ರಕಾಶನಿಗೆ ಜೀವ ಬಂತು. "ನೋಡಿದ್ಯಾ! ಕೊಟ್ಟ ಮಾತು ಉಳಿಸ್ಕೊಂಡೆ!"

"ನೀನಾ? ಗಡಿಯಾರ ತಿರುಗಿಸಿದ್ದು ಸರ್ಕಾರ ಅಲ್ವಾ?" ಧರಣೇಂದ್ರ ಕೈ ತೊಳೆಯುತ್ತಲೇ ಕೇಳಿದ.

"ಫೈಟಿಗೆ ಡ್ಯೂಪ್ ಹಾಕಿದ್ದೆ. ಕ್ರೆಡಿಟ್ಟು ಹೀರೋದೇ."

ಧರಣೇಂದ್ರ ಕುರ್ಚಿಯನ್ನು ಕಿಟಕಿಗೆ ಎದುರಾಗಿ ತಿರುಗಿಸಿಕೊಂಡು ಕೂತ. ಮೊದಲ ತುತ್ತನ್ನು ಸೂರ್ಯನ ಮೇಲೆ ಕಣ್ಣಿಟ್ಟೇ ಬಾಯಿಗೆ ಹಾಕಿಕೊಂಡ. ಎರಡನೆಯದಕ್ಕೆ, "ಅಕ್ಕ, ಸ್ವಲ್ಪ ಆಚೆ ನಿಲ್ಲಿ, ಕಾಣುದಿಲ್ಲ," ಎಂದ. ಆಮೇಲೆ ತುತ್ತಿನ ಮೇಲೆ ತುತ್ತು.

ಸರಿ, ಇನ್ನು ನಿಜ ಹೇಳಿಬಿಡುತ್ತೇನೆ. ಉತ್ತರದ ಕಾಡಿಗೆ ಯಾರೂ ಹೋಗಲಿಲ್ಲ. ಪ್ರಕಾಶನಿಗೆ ಆಗ ಡ್ರೈವಿಂಗ್ ಲೈಸೆನ್ಸೂ ಇರಲಿಲ್ಲ. ಸೂರ್ಯನ ಕಾಲರನ್ನು ಯಾರೂ ಹಿಡಿಯಲಿಲ್ಲ, ಅವನು ತನ್ನ ಹೊತ್ತಿಗೇ ಇಳಿದ. ನಕಾಶೆ ಮಡಿಸುವಷ್ಟೂ ಪುರುಸೊತ್ತಿಲ್ಲದೆ ಅದರ ಮೇಲೆಯೇ ತಟ್ಟೆ ಇಟ್ಟು ಬಡಿಸಿದ್ದರಲ್ಲ, ಆ ಅವಸರದಲ್ಲಿ ತಟ್ಟೆ ದಾಟಿ, ಪೆನ್ಸಿಲ್ ಗುರುತಿನ ಹೊಳೆಗಳನ್ನೆಲ್ಲ ದಾಟಿ, ರಸ್ತೆಯಿಲ್ಲದ ಆ ಕಾಡಿನೊಳಗೆ ನುಗ್ಗಿದ್ದು ಅಂಬುಜಾ ಅವರ ಹುಳಿಯೊಂದೇ.